ಎರಡು ನಿಮಿಷದ ಮುಖ

ಅಮ್ಮಾ,

ನೀನು ಹೋಗಿ ಮೂರು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಬಾಣಂತಿಯ ಮನಸ್ಸು ಕುಗ್ಗಿದರೆ ಮಗುವಿಗೆ ಏನಾಗುತ್ತದೆ ಎಂಬುದೇ ನನ್ನ ಸಂಶೋಧನೆ. ಅದರಲ್ಲೊಂದು ಪರೀಕ್ಷೆಯಿದೆ. ತಾಯಿ ಮಗುವಿನ ಎದುರು ಎರಡು ನಿಮಿಷ ನಗದೆ, ಮಾತಾಡದೆ ಕಲ್ಲಿನ ಹಾಗೆ ಕೂರಬೇಕು. ಕ್ಯಾಮೆರಾ ಮಗುವನ್ನು ನೋಡುತ್ತಿರುತ್ತದೆ. ಇವತ್ತು ಬಂದವಳು ಮೂರು ಸಲವೂ ಕೆಡಿಸಿದಳು.

"ಅಯ್ಯೋ, ನನ್ನ ಕೈಲಾಗಲ್ಲ ಮೇಡಂ. ಇವಳು ಹೀಗೆ ನೋಡಿದ್ರೆ ನಗು ತಾನಾಗೇ ಬರತ್ತೆ."

ಆ ಆರು ತಿಂಗಳ ಕೂಸನ್ನು ಕಂಡು ನನಗೆ ಹೊಟ್ಟೆ ಉರಿಯಿತು. ತೋರಿಸಿಕೊಡುತ್ತೇನೆಂದು ನಾನೇ ಕೂತೆ. ಕೂಸು ಬೊಚ್ಚುಬಾಯಿ ಬಿಟ್ಟು ನಕ್ಕಿತು, ಕೇಕೆ ಹಾಕಿತು, ಕೈ ಚಾಚಿತು. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಿತು. ಟೈಮರ್ ಕೂಗಿದ್ದೇ ತಡ, ಅವಳು ಮಗುವನ್ನು ಬಾಚಿ ಎತ್ತಿಕೊಂಡಳು.

"ಅಬ್ಬಾ! ಎಷ್ಟು ಸಲೀಸಾಗಿ ಮಾಡ್ತೀರಿ. ಎಲ್ಲಿ ಕಲಿತ್ರಿ?"

"ಮನೇಲೇ" ಎಂದೆ.

ಚಿಕ್ಕಂದಿನಿಂದ ನಾನು ಕಂಡ ನಿನ್ನ ಆ ಕಲ್ಲು ಮುಖ ಒಂದು ಕಾಯಿಲೆ ಎಂದು ಓದಿ ತಿಳಿದ ಮೇಲೂ ನಾನು ನಿನಗೆ ಹೇಳಲಿಲ್ಲ. ಹೇಳಿದ್ದರೆ ನಿನ್ನ ಮೇಲಿನ ಸಿಟ್ಟು ಬಿಡಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ, ಕೊನೆಯ ದಿನ, ನೀನು ನನ್ನನ್ನು ನೋಡಿ ನಕ್ಕೆಯಲ್ಲ, ಆಗ ನಾನು ಗೋಡೆ ನೋಡುತ್ತಾ ಕೂತಿದ್ದೆ.