ನೊಣ ಕೂತ ಕುಬಸದ ಬುತ್ತಿ

ಸೊಸೈಟಿಯ ಮಾನ್ಯ ಚೇರ್ಮನ್ನರೇ,

ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ನೀವು ತೋಡಿಸಿದ ಹಸಿಕಸದ ಗೊಬ್ಬರದ ಹೊಂಡಕ್ಕೆ ಇವತ್ತಿಗೂ ಮುಚ್ಚಳವಿಲ್ಲ. ಅಲ್ಲಿಯ ನೊಣಗಳು ನನ್ನ ಮಗಳು ಮಂಜರಿಯ ಕುಬಸದ ಊಟದ ಮೇಲೆ ಕೂತವು. ತುಂಬಿದ ಬಸುರಿಯನ್ನು ಆಸ್ಪತ್ರೆಗೆ ಹಾಕಬೇಕಾಯಿತು. ಇದನ್ನೇ ಮರಾಠಿಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದ್ದೆ. ಅದರ ಮೇಲೆ ಗಣೇಶೋತ್ಸವದ ಚಂದಾ ಕೇಳುವ ಚೀಟಿ ಅಂಟಿತು. ನೀವೂ ಬೆಳಗಾವಿ ಕಡೆಯವರು, ಪುಣೆಯ ಕನ್ನಡ ಬಳಗದ ಈ ಪತ್ರಿಕೆಯನ್ನು ತಪ್ಪದೆ ಓದುತ್ತೀರಂತೆ. ಓದಿರಿ.

ಕುಬಸಕ್ಕೂ ಮೊದಲೇ ನಿಮ್ಮ ಬಳಿ ಬಂದಿದ್ದೆ. “ಅಕ್ಕಾರ, ನೊಣಕ್ಕ ನೋಟಿಸ್ ಕೊಡಾಕ ಬರ್ತದೇನ್ರಿ?” ಎಂದು ನಕ್ಕಿರಿ. ಸುತ್ತ ನಿಂತವರೂ ನಕ್ಕರು. ನಾಚಿಕೆಗೇಡು, ಅವರ ಜೊತೆ ನಾನೂ ನಕ್ಕೆ! ಮರುದಿನ ದೊಡ್ಡ ಮನಸ್ಸು ಮಾಡಿ ಹೊಗೆ ಹೊಡೆಸಿದಿರಿ. ಕೆಮ್ಮಿದವರು ನಾವು. ನೊಣದ ಮರಿಹುಳ ಹೊಂಡದೊಳಗೆ ಬೆಚ್ಚಗೆ ಬೆಳೆಯುತ್ತಿರುವಾಗ ಮೇಲೆ ಹೊಗೆ ಬಿಟ್ಟರೆ ಏನಾಗುತ್ತದೆ, ಸ್ವಾಮಿ? ಗೇಟಿನ ಮೇಲಿನ ‘ಹಸಿರು ಸೊಸೈಟಿ’ ಫಲಕದ ಮೇಲೂ ಈಗ ನೊಣಗಳು ಕೂತಿರುತ್ತವೆ.

ನಮ್ಮ ಕಡೆಯ ಕುಬಸ ನಿಮಗೇನು ಹೊಸದಲ್ಲ. ತವರಿನವರು ಬುತ್ತಿ ಮಾಡಿ ಬಸುರಿಯ ಮುಂದೆ ತಾಟುಗಳನ್ನು ಹರವುತ್ತೇವೆ. ಬಂದ ಹೆಂಗಸರೆಲ್ಲ ನೋಡಿ “ಭಾಳ ಮಾಡ್ಯಾರ” ಅನ್ನಬೇಕು, ಉಡಿ ತುಂಬಬೇಕು, ಆಮೇಲೆ ಊಟ. ಅಲ್ಲಿಯವರೆಗೆ ಹೋಳಿಗೆ, ಮಾದಲಿ, ಮೊಸರುಬುತ್ತಿ ಎಲ್ಲ ತೆರೆದೇ ಇದ್ದವು. ಖಡಕಿಯಿಂದ ಬಂದಿದ್ದ ನನ್ನ ಬೀಗಿತ್ತಿ ಶಾಲಿನಿಬಾಯಿ ಮೆಲ್ಲಗೆ, “ನರ್ಮದಾಬಾಯಿ, ಮ್ಯಾಲೆ ಏನರ ಮುಚ್ಚರಿ. ನೊಣ ಭಾಳ ಅದಾವ್ರಿ” ಎಂದರು.

ನನಗೆ ಮೈಯೆಲ್ಲ ಉರಿಯಿತು. ಬೀಗರ ಮುಂದೆ ನನ್ನ ಮನೆಯನ್ನು ಹೊಲಸು ಅಂದಂತೆ ಕೇಳಿಸಿತು. “ನಮ್ಮ ಮನಿ ಅಷ್ಟೇನ ಹೊಲಸ ಇಲ್ರಿ. ಮುಚ್ಚಿಟ್ರ ಮಂದಿ ಏನ್ ನೋಡಬೇಕ್ರಿ?” ಎಂದುಬಿಟ್ಟೆ. ಜಾಳಿಗೆಯ ಮುಚ್ಚಳಗಳು ಅಡುಗೆಮನೆಯ ಕಟ್ಟೆಯ ಮೇಲೆಯೇ ಇದ್ದವು. ನಾನು ಸೆರಗಿನಿಂದ ನೊಣ ಓಡಿಸುತ್ತ ಕೂತೆ. ಆಮೇಲೆ ಮೊಸರುಬುತ್ತಿಯ ಮೊದಲ ತುತ್ತನ್ನು ಮಂಜರಿಯ ಬಾಯಿಗೆ ನನ್ನ ಕೈಯಾರೆ ಇಟ್ಟೆ.

ಮರುದಿನ ವಾಂತಿ, ಭೇದಿ, ಜ್ವರ. ಸಲೈನ್ ಹಚ್ಚಿ, ಕೂಸಿನ ಎದೆಬಡಿತ ಕೇಳಲು ಡಾಕ್ಟರು ಅವಳ ಹೊಟ್ಟೆಯ ಮೇಲೆ ಯಂತ್ರ ಇಟ್ಟಾಗ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ತೆರೆದಿಟ್ಟ ಊಟದಿಂದಲೇ ಇರಬೇಕು ಎಂದರು ಡಾಕ್ಟರು. ಕೊಳೆತದ್ದರ ಮೇಲೆ, ಹೇಲಿನ ಮೇಲೆ ಕೂತ ನೊಣ ಅದೇ ಕಾಲಲ್ಲಿ ಅನ್ನಕ್ಕೆ ಬರುತ್ತದೆ. ತಿನ್ನುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನು ಅದರ ಮೇಲೆ ಕಕ್ಕುತ್ತದೆ. ಆಮಶಂಕೆ, ಟೈಫಾಯಿಡ್ ಹೀಗೂ ಹರಡುತ್ತವಂತೆ. ನಾನು ಸೆರಗಿನಿಂದ ಓಡಿಸಿದ್ದು ನೊಣವನ್ನು ಮಾತ್ರ. ಅದು ಬಿಟ್ಟುಹೋದದ್ದು ತಾಟಿನಲ್ಲೇ ಇತ್ತು.

ದೇವರ ದಯೆ, ತಾಯಿ, ಹೊಟ್ಟೆಯೊಳಗಿನ ಕೂಸು ಇಬ್ಬರೂ ಉಳಿದರು. ಮಂಜರಿ ಈಗ ಖಡಕಿಯ ಅತ್ತೆಮನೆಯಲ್ಲಿದ್ದಾಳೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕೆಂದು ತೊಟ್ಟಿಲು ತೊಳೆದಿಟ್ಟಿದ್ದೇನೆ. ಶಾಲಿನಿಬಾಯಿ ಫೋನ್ ಮಾಡಿ, “ಬಾಣಂತನ ಇಲ್ಲೇ ಮಾಡೋಣ್ರಿ. ನೀವೂ ಇಲ್ಲೇ ಬಂದು ಇರ್ರಿ. ಆ ಹೊಂಡದ ಬಾಜೂಕ ಕೂಸು ಬ್ಯಾಡ್ರಿ” ಎಂದರು. ಕುಬಸದ ದಿನದ ನನ್ನ ಮಾತನ್ನು ಎತ್ತಿ ಆಡಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಈಗ ಏನು ಮಾಡಲಿ?

ನನ್ನ ಪಾಲಿನದನ್ನು ಮಾಡಿದ್ದೇನೆ. ಕಿಟಕಿಗೆ ಜಾಳಿಗೆ ಬಡಿಸಿದೆ. ದೇವರ ನೈವೇದ್ಯವನ್ನೂ ಈಗ ಮುಚ್ಚಿಡುತ್ತೇನೆ. ನಿಮ್ಮ ಪಾಲಿನದು ಇಷ್ಟು: ಹೊಂಡವನ್ನು ಅಡುಗೆಮನೆಗಳಿಂದ ದೂರ ಒಯ್ಯಿರಿ, ಬಿಗಿಯಾದ ಮುಚ್ಚಳ ಹಾಕಿಸಿರಿ, ದಿನಾ ಹಸಿಕಸದ ಮೇಲೆ ಒಣಗಿದ ಎಲೆ, ಮಣ್ಣು ಹೊದಿಸಿರಿ, ಕಸದ ಡಬ್ಬಿ ತೊಳೆಸಿರಿ. ಆಮೇಲೆ ಖಡಕಿಗೆ ಹೋಗಿ, ಮಂಜರಿಯನ್ನು ತವರಿಗೆ ಕಳಿಸಿರಿ ಎಂದು ನನ್ನ ಬೀಗಿತ್ತಿಯನ್ನು ನೀವೇ ಕೇಳಬೇಕು. ನನಗೆ ಕೇಳಲು ಮುಖವಿಲ್ಲ.

ಇಂತಿ,
ಹೆತ್ತ ಮಗಳನ್ನು ಬಾಣಂತನಕ್ಕೆ ಕರೆಯಲು ಬಾಯಿಲ್ಲದ
ನರ್ಮದಾ
ಗೊಬ್ಬರದ ಹೊಂಡದ ಮೇಲಿನ ಮನೆ, ಸದಾಶಿವ ಪೇಠ, ಪುಣೆ