ಕಾರಿನ ಮೇಲೊಂದು ಕಣ್ಣು

ಫೆಬ್ರವರಿ 3, ಸೋಮವಾರ

ಕಾರು ಒರೆಸಿ ಮುಗಿಯಿತು. ಮುಂದಿನ ಬಂಪರಿನ ಅಡಿಯಲ್ಲಿ ಹೊಸ ಗೀರು. ಗೇಟಿನೆದುರಿನ ಚರಂಡಿಯನ್ನು ಓರೆಯಾಗಿ ದಾಟಬೇಕು, ಒಂದಾದ ಮೇಲೊಂದು ಚಕ್ರ ಇಳಿಸಬೇಕು. ನಿನ್ನೆ ಅವಸರಪಟ್ಟೆ. ಫಲ ಕಣ್ಣೆದುರಿಗಿದೆ.

ಬೇಲಿಯಾಚೆಯಿಂದ ನೆರೆಮನೆಯ ಮರಾದೆಬೆ, ಕೈಯಲ್ಲಿ ಚಹಾ: "ಅಲ್ಲ ಮಿಸ್, ನನ್ ಗಂಡಂಗೂ ನಾನು ಹಿಂಗೆ ಬೆನ್ನು ಉಜ್ಜಿಲ್ಲ."

"ಅವರನ್ನು ನೋಡಿದರೆ ಗೊತ್ತಾಗುತ್ತದೆ" ಎಂದೆ.

ಇಡೀ ಬೀದಿಗೆ ನಾನು ಇಂದಿಗೂ ಮಿಸ್. ನಮ್ಮ ಕ್ವಾನೊಬುಹ್ಲೆ ಬಡಾವಣೆಯ ಅರ್ಧ ಜನ ನನ್ನ ಬಳಿ ಅಕ್ಷರ ಕಲಿತು, ಊರಾಚೆಯ ಕಾರ್ಖಾನೆ ಸೇರಿ, ಇಂಥ ಕಾರುಗಳನ್ನು ಜೋಡಿಸಿದವರು. ನಿವೃತ್ತಿಯಾದ ಮೇಲೆ ನಾನೂ ಒಂದನ್ನು ಕೊಳ್ಳಲು ಹೋದಾಗ, ಮಾರುವ ಹುಡುಗ ಬೂದು ಬಣ್ಣದ, ಸಾಧು ಸ್ವಭಾವದ ಕಾರೊಂದನ್ನು ತೋರಿಸಿ, "ನಿಮ್ ವಯಸ್ಸಿಗೆ ಇದು ಸರಿಹೋಗುತ್ತೆ ಅಮ್ಮ" ಎಂದ. ಪಕ್ಕದಲ್ಲಿ ಇದು ನಿಂತಿತ್ತು—ಕಪ್ಪು ಮೈ, ಮೂಗಿನ ಮೇಲೆ ಕೆಂಪು ಗೆರೆ, ಪುಟ್ಟ ಒಡಲಿನಲ್ಲಿ ಅದಕ್ಕೆ ಮೀರಿದ ಎಂಜಿನ್. "ಅದು ಹಾಟ್ ಹ್ಯಾಚ್ ಅಮ್ಮ, ಹುಡುಗ್ರು ಓಡ್ಸೋದು." ಅದನ್ನೇ ಕೊಂಡೆ. ನನಗಾಗಿ, ನನ್ನ ಹೆಸರಿನಲ್ಲಿ ಕೊಂಡ ಮೊದಲ ದೊಡ್ಡ ವಸ್ತು.

ಗೇರ್ ಬದಲಾದಾಗಲೆಲ್ಲ ಹಿಂದಿನ ಕೊಳವೆ ಕೆಮ್ಮುತ್ತದೆ. ಮಕ್ಕಳು "ವ್ರ್ರ್—ಫಾ! ವ್ರ್ರ್—ಫಾ!" ಎಂದು ಕೂಗುತ್ತ ಹಿಂದೆ ಓಡುತ್ತಾರೆ. ಗದರಬೇಕು. ಗದರಿಲ್ಲ.

ಫೆಬ್ರವರಿ 6, ಗುರುವಾರ

ಹೆಂಗಸರ ಪ್ರಾರ್ಥನಾ ಸಭೆಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಹಾಕಿಸಿದೆ. ಬಂಕಿನವನು ಕಾರನ್ನೊಮ್ಮೆ, ನನ್ನ ತಲೆವಸ್ತ್ರವನ್ನೊಮ್ಮೆ ನೋಡಿದ.

"ಮಗನ ಕಾರಾ ಅಮ್ಮ?"

"ನನಗೆ ಮಗನಿಲ್ಲ."

"ಹಂಗಾದ್ರೆ ಅಳಿಯಂದು."

"ನನ್ನದು."

"ಅಮ್ಮ ಬಲೇ ತಮಾಷೆ ಮಾಡ್ತೀರಿ!"

ಇಷ್ಟೊಂದು ವಿಚಾರಣೆ ಏಕೆ? ಹೋದ ತಿಂಗಳು ಹಿಂದಿನ ಬೀದಿಯಲ್ಲಿ ಇಂಥದೇ ಕಾರನ್ನು, ಗೇಟು ತೆರೆಯುವ ಹೊತ್ತು ನೋಡಿ, ಪಿಸ್ತೂಲು ತೋರಿಸಿ ಒಯ್ದರು. ಮಾಲೀಕ ಬದುಕಿದ. ಗೇಟಿನ ಸದ್ದಿಗೆ ಈಗಲೂ ಬೆಚ್ಚುತ್ತಾನೆ.

ಮನೆಗೆ ಬಂದಾಗ ಮೂಲೆ ಅಂಗಡಿಯ ನೆರಳಿನಲ್ಲಿ ಒಬ್ಬ. ಎತ್ತರದ, ತೆಳ್ಳನೆಯ ಯುವಕ. ಕಂದು ಟೋಪಿ. ನಮ್ಮ ಬೀದಿಯವನಲ್ಲ. ನಾನು ನೋಡಿದೊಡನೆ ಮುಖ ತಿರುಗಿಸಿದ. ಆಮೇಲೆ ಕಾರನ್ನು ನೋಡಿದ, ಚಕ್ರದಿಂದ ಚಾವಣಿಯವರೆಗೆ. ಅವನು ಹೋಗುವವರೆಗೆ ಗೇಟು ತೆರೆಯಲಿಲ್ಲ.

ಫೆಬ್ರವರಿ 9, ಭಾನುವಾರ

ಚರ್ಚಿಗೆ ಹಿಂದಿನ ಆಸನದಲ್ಲಿ ಮೂವರು ಹೆಂಗಸರು, ನಡುವೆ ಮರಾದೆಬೆ. ಪ್ರತಿ ಉಬ್ಬಿನಲ್ಲೂ ಒಬ್ಬರ ಟೋಪಿ ಚಾವಣಿಗೆ ತಾಗುತ್ತಿತ್ತು.

"ಮಿಸ್, ನಿಮ್ ಕಾರಿಗೆ ಮೂಳೆ ಐತೆ, ಮಾಂಸನೇ ಇಲ್ಲ."

"ಮಾಂಸವನ್ನು ನೀವೇ ತಂದಿದ್ದೀರಲ್ಲ" ಎಂದೆ. ದೇವಸ್ತುತಿಗೆ ಹೊರಟವರು ಹಾಗೆ ನಗಬಾರದು.

ಹಿಂದಿರುಗುವಾಗ ಅದೇ ಕಂದು ಟೋಪಿ. ನಮ್ಮತ್ತಲೇ ನಡೆದುಬರುತ್ತಿದ್ದವನು ಕಾರು ಕಂಡದ್ದೇ ರಸ್ತೆ ದಾಟಿ ಆಚೆ ಬದಿಗೆ ಹೋದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ.

ಮರಾದೆಬೆ ದನಿ ತಗ್ಗಿಸಿದಳು. "ಗುರುತು ಇಡೋರು ಇರ್ತಾರೆ ಮಿಸ್. ಗೇಟ್ ಹತ್ರ ಕಲ್ಲು, ಖಾಲಿ ಡಬ್ಬಿ. ಒಂದೊಂದಕ್ಕೂ ಒಂದೊಂದು ಅರ್ಥ. ಆಮೇಲೆ ಬೇರೆಯೋರು ಬಂದು ಎತ್ಕೊಂಡು ಹೋಗ್ತಾರೆ."

ನಮ್ಮ ಗೇಟಿನ ಕಂಬದ ಬುಡದಲ್ಲಿ ಜಜ್ಜಿದ ಕೆಂಪು ಡಬ್ಬಿ ಬಿದ್ದಿತ್ತು. ಮಗಳು ಖುಸೆಲ್ವಳಿಗೆ ತೋರಿಸಿದೆ. "ಗಾಳಿಗೆ ಬಂದಿರುತ್ತೆ ಅಮ್ಮ" ಎಂದಳು, ನನ್ನ ಮುಖ ನೋಡದೆ. ಬೆಳಿಗ್ಗೆಯಿಂದ ಒಂದೆಲೆ ಅಲುಗಿಲ್ಲ.

ಫೆಬ್ರವರಿ 14, ಶುಕ್ರವಾರ

ಈ ವಾರವೂ ಅವನನ್ನು ಕಂಡೆ, ಸಂಜೆ, ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ. ಯಾವಾಗಲೂ ಮೂಲೆಯಲ್ಲಿ. ಗೇಟಿನ ಹತ್ತಿರ ಬರುವುದಿಲ್ಲ—ಅದೇ ನನ್ನನ್ನು ಕಾಡುವುದು. ಸಾಚಾ ಮನುಷ್ಯ ಬರುತ್ತಾನೆ, ನಮಸ್ಕರಿಸುತ್ತಾನೆ, ಬಂದ ಕಾರಣ ಹೇಳುತ್ತಾನೆ.

ತಮ್ಮ ವುಯಿಸಿಲೆ ಬೀಗದ ಕೈ ಕೇಳಲು ಬಂದ. "ಅಕ್ಕ, ನಾಳೆ ಮಣ್ಣಿಗೆ ಹೋಗ್ಬೇಕು. ಕಾರ್ ಕೊಡು."

"ಮಣ್ಣಿಗೆ ಅಷ್ಟು ವೇಗವಾಗಿ ಹೋಗಬೇಕಾಗಿಲ್ಲ."

"ಸತ್ತೋನಿಗೆ ಅವಸರ ಇಲ್ಲ, ನಿಜ. ನನಗೆ ಐತಲ್ಲ?"

ಕೊಡಲಿಲ್ಲ. ಈಗಲೇ ಏಕೆ ಕೇಳಿದ?

ರಾತ್ರಿಯೂಟದಲ್ಲಿ ಕಂದು ಟೋಪಿಯ ಮಾತೆತ್ತಿದೆ. ಖುಸೆಲ್ವಳ ಕೈಯಿಂದ ಚಮಚ ಜಾರಿತು. "ಯಾರೋ ಪಾಪದವನು ಇರ್ಬೇಕು. ಬಿಡಮ್ಮ."

ಮಗಳು. ನಾನೊಬ್ಬಳೇ ಬೆಳೆಸಿದವಳು, ಅದೇ ಕಾರ್ಖಾನೆಯಲ್ಲಿ ದುಡಿಯುವವಳು. ಅವಳಿಗೇನೋ ತಿಳಿದಿದೆ. ಯಾರಾದರೂ ಅವಳನ್ನು ಹೆದರಿಸಿ ಬಾಯಿ ಮುಚ್ಚಿಸಿರಬಹುದೆ?

ಫೆಬ್ರವರಿ 19, ಬುಧವಾರ

ಬೀದಿ ಕಾವಲು ಪಡೆಯ ಮುಖಂಡ ಮಖಾಯನನ್ನು ಕರೆಸಿದೆ. ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚು. ಈಗಲೂ ನನ್ನೆದುರು ಕುರ್ಚಿಯ ಅಂಚಿನಲ್ಲೇ ಕುಳಿತ.

ಎತ್ತರ, ಮೈಕಟ್ಟು, ಟೋಪಿ, ಬರುವ ಹೊತ್ತು, ಎಲ್ಲ ವಿವರಿಸಿದೆ. ಒಂದು ಪದವೂ ಅಸ್ಪಷ್ಟವಾಗಿರಲಿಲ್ಲ.

"ನೋಡ್ಕೋತೀವಿ ಮಿಸ್. ನಿಮ್ ಕಾರಂದ್ರೆ ನಮ್ ಬೀದಿ ಮರ್ಯಾದೆ."

"ಪೊಲೀಸರಿಗೆ ಒಪ್ಪಿಸಬೇಕು."

"ಪೊಲೀಸ್ರು ಬರೋ ಹೊತ್ತಿಗೆ ಕಾರು ಬೇರೆ ದೇಶದಲ್ಲಿರುತ್ತೆ. ನೋಡ್ಕೋತೀವಿ ಅಂದ್ನಲ್ಲ."

ನೋಡಿಕೊಳ್ಳುವುದೆಂದರೆ ಏನೆಂದು ಕೇಳಲಿಲ್ಲ. ಇಂದು ನೆಮ್ಮದಿಯಾಗಿದೆ.

ಫೆಬ್ರವರಿ 22, ಶನಿವಾರ, ಸಂಜೆ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಮಧ್ಯಾಹ್ನ ಮೂಲೆಯಿಂದ ಕೂಗಾಟ. ಬಾಗಿಲಿಗೆ ಬಂದೆ. ಮಖಾಯನ ಪಡೆಯವರು, ಕೈಯಲ್ಲಿ ಚರ್ಮದ ಚಾಟಿ, ದೊಣ್ಣೆ. ನೆಲದ ಮೇಲೆ ಕಂದು ಟೋಪಿಯವನು. ಮೊದಲು ಅನಿಸಿದ್ದು: ಸಿಕ್ಕಿದ. ಅದನ್ನೂ ಬರೆಯತಕ್ಕದ್ದು.

ಖುಸೆಲ್ವ ನನ್ನನ್ನು ತಳ್ಳಿ ಬರಿಗಾಲಲ್ಲಿ ಓಡಿದಳು. ಅವನ ಮೇಲೆ ಬಿದ್ದು ತನ್ನ ಮೈಯಿಂದ ಮುಚ್ಚಿದಳು. "ಬಿಡ್ರೋ! ನನ್ನನ್ನ ಮದ್ವೆ ಆಗೋನು ಕಣ್ರೋ!"

ದೊಣ್ಣೆಗಳು ನಿಂತವು. ಮಖಾಯ ನನ್ನತ್ತ ತಿರುಗಿದ. "ಕೇಳಿದ್ವಿ ಮಿಸ್. ಯಾರನ್ನ ನೋಡೋಕೆ ಬಂದೆ, ಹೆಸರು ಹೇಳು ಅಂತ ಎಷ್ಟ್ ಸಲ ಕೇಳಿದ್ವಿ. ಬಾಯೇ ಬಿಡ್ಲಿಲ್ಲ."

"ಹೆಂಗೆ ಬಿಡ್ತಾನೆ?" ಖುಸೆಲ್ವ ಕಿರುಚಿದಳು. "ಹಿರಿಯರು ಬಂದು ಕೇಳೋಕೆ ಮುಂಚೆ ಹುಡುಗಿ ಹೆಸರು ಬೀದೀಲಿ ಹೇಳಿದ್ರೆ ಅವಳ ಮನೆಗೆ ಅವಮಾನ ಅಂತ ಅಜ್ಜಿ ಕಲಿಸಿದಾರೆ ಅವನಿಗೆ. ಅತ್ತೆ ಆಗೋರ ಮುಖ ನೋಡಬಾರ್ದು, ಎದುರು ಬಂದ್ರೆ ದಾರಿ ಬಿಡಬೇಕು ಅಂತ ಕಲಿಸಿದಾರೆ. ನಿನ್ ಮುಖ ನೋಡೋ ಹಂಗಿಲ್ಲ ಅಂತ ಕಾರು ನೋಡ್ತಿದ್ದ ಅಮ್ಮ! ಇನ್ನೆಲ್ಲಿ ನೋಡ್ಬೇಕಿತ್ತು?"

ಹೆಸರು ಲುಬಬಾಲೊ. ಕೊಫಿಂವಾಬಾ ಕಡೆಯ ಹಳ್ಳಿಯವನು. ಕಾರ್ಖಾನೆಯಲ್ಲಿ ಅವಳ ಜೊತೆ ಕೆಲಸ. ಚಿಕ್ಕಪ್ಪಂದಿರು ನಮ್ಮ ಮನೆಗೆ ಬಂದು ಹೆಣ್ಣು ಕೇಳಲು ಒಪ್ಪಿದರೆಂದು ಅವಳಿಗೆ ತಿಳಿಸಲು ಬಂದಿದ್ದ. ಈ ಪದ್ಧತಿ ನನಗೆ ತಿಳಿಯದ್ದಲ್ಲ. ತರಗತಿಯಲ್ಲಿ ಪಾಠ ಮಾಡಿದ್ದೇನೆ. ಅದೇ ಪದ್ಧತಿ ಟೋಪಿ ಹಾಕಿಕೊಂಡು ಬೀದಿಯಲ್ಲಿ ಬಂದಾಗ ಗುರುತಿಸಲಿಲ್ಲ.

ಅವನ ಎಡಗೈ ಬಾಗಬಾರದ ಕಡೆ ಬಾಗಿತ್ತು. ಉಸಿರು ನಡುವೆ ಸಿಕ್ಕಿಕೊಳ್ಳುತ್ತಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ, ನಿಮ್ಮ ಕಡೆ ಸುಲಿಗೆಯ ಭಯ, ಪೊಲೀಸ್ ಬೆಂಗಾವಲು ಸಿಕ್ಕ ಮೇಲೆ ಬರುತ್ತೇವೆ ಎಂದರು. ಕಾರು ತೆಗೆದೆ.

ಅವನು ಬಾಗಿಲ ಬಳಿ ಹಿಂಜರಿದ. "ಅಮ್ಮನ ಜೊತೆ ಒಂದೇ ಕಾರಲ್ಲಿ..."

"ಮಲಗಿಸು" ಎಂದೆ ಖುಸೆಲ್ವಳಿಗೆ.

ಹಿಂದಿನ ಆಸನದಲ್ಲಿ ಅವಳ ತೊಡೆಯ ಮೇಲೆ ತಲೆ. ಮುಖದ ಮೇಲೆ ಜಾಕೆಟ್ ಎಳೆದುಕೊಂಡ. ಗಾಯಕ್ಕಲ್ಲ, ನನ್ನ ಮುಖ ಕಾಣದಿರಲೆಂದು. ಇಷ್ಟು ಚಿಕ್ಕ ಕಾರು, ಅವನ ಮೊಣಕಾಲು ನನ್ನ ಬೆನ್ನಿಗೆ ಒತ್ತುತ್ತಿತ್ತು. ಪ್ರತಿ ಗುಂಡಿಯಲ್ಲೂ ಅವನು ನರಳಿದ. ಮೂಳೆ ಇದೆ, ಮಾಂಸವಿಲ್ಲ.

ಹೆದ್ದಾರಿ ಸಿಕ್ಕಿತು. ಗೇರ್ ಹಿಡಿಯನ್ನು ಇನ್ನೊಂದು ಹಂತ ಹಿಂದಕ್ಕೆಳೆದೆ. ವೇಗದ ಆ ಹಂತವನ್ನು ಈವರೆಗೆ ಮುಟ್ಟಿರಲಿಲ್ಲ. ಬೆನ್ನು ಆಸನಕ್ಕೆ ಅಂಟಿತು. ಲಾರಿಗಳು ಹಿಂದಕ್ಕೆ ಸರಿದವು. ಈ ಕಾರು ಇಷ್ಟು ದಿನ ನನ್ನನ್ನು ಸಹಿಸಿಕೊಂಡಿತ್ತೆಂದು ಆಗ ತಿಳಿಯಿತು.

ಜಾಕೆಟ್ಟಿನ ಅಡಿಯಿಂದ ದನಿ: "ಅಮ್ಮಂಗೆ ಹೇಳು... ಸೇತುವೆ ಹತ್ರ ಪೊಲೀಸ್ರ ಕ್ಯಾಮೆರಾ ಇರುತ್ತೆ."

"ಅಮ್ಮ, ಸೇತುವೆ ಹತ್ರ—"

"ಕೇಳಿಸಿತು. ದಂಡ ನನ್ನ ಹೆಸರಿಗೆ ಬರುತ್ತದೆ ಎಂದು ಹೇಳು. ಬಾಯಿ ಮುಚ್ಚಿಕೊಂಡು ಉಸಿರಾಡಲಿ."

"ಬಾಯಿ ಮುಚ್ಚಿದ್ರೆ ಅವನಿಗೆ ಉಸಿರೇ ಬರ್ತಿಲ್ಲ ಅಮ್ಮ."

"ಹಾಗಾದರೆ ತೆರೆದೇ ಉಸಿರಾಡಲಿ. ಮಾತು ಬೇಡ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ: "ಅಮ್ಮಂಗೆ ಹೇಳು... ಚೆನ್ನಾಗಿ ಓಡಿಸ್ತಾರೆ."

ಖುಸೆಲ್ವ ಅದನ್ನು ನನಗೆ ಹೇಳಲಿಲ್ಲ.

ಪೋರ್ಟ್ ಎಲಿಜಬೆತ್ ಆಸ್ಪತ್ರೆಯಲ್ಲಿ ಅವನನ್ನು ಒಳಗೊಯ್ದರು. ಮುರಿದ ಪಕ್ಕೆಲುಬೊಂದು ಶ್ವಾಸಕೋಶಕ್ಕೆ ಚುಚ್ಚಿದೆಯಂತೆ. ಬದುಕುತ್ತಾನೆ. ಖುಸೆಲ್ವ ಅಲ್ಲಿಯೇ ಉಳಿದಳು. "ನೀನು ಹೋಗಮ್ಮ" ಎಂದಳು.

ಮಾರ್ಚ್ 12, ಬುಧವಾರ

ಆಸನದ ಕಲೆ ಹೋಗುವುದಿಲ್ಲ. ತಣ್ಣೀರು, ಉಪ್ಪು, ಸೋಪು, ಎಲ್ಲ ಆಯಿತು.

ಖುಸೆಲ್ವ ಕಾರು ಹತ್ತುವುದಿಲ್ಲ. ಕೆಲಸಕ್ಕೆ ಟ್ಯಾಕ್ಸಿ ವ್ಯಾನು. ಬಿಟ್ಟುಬರುತ್ತೇನೆ ಎಂದೆ. "ನೀನು ನಿನ್ ಕಾರು ನೋಡ್ಕೋ" ಎಂದಳು.

"ಲುಬಬಾಲೊ ಏನೆನ್ನುತ್ತಾನೆ?"

"ಅವನು ಅನ್ನೋದೇನಿಲ್ಲ. ಅವನ ಚಿಕ್ಕಪ್ಪಂದಿರು ಬೇಡ ಅಂದ್ರೆ ಮುಗೀತು. ಅವರ ಮಾತು ಮೀರಲ್ಲ ಅವನು. ಮೀರೋನಾಗಿದ್ರೆ ಅವತ್ತೇ ಬಾಯಿ ಬಿಡ್ತಿದ್ದ."

ಮಖಾಯ ಬಂದಿದ್ದ. ಕೂರಲಿಲ್ಲ. "ಹೊಡೀರಿ ಅಂತ ನೀವೇನು ಹೇಳ್ಲಿಲ್ಲ ಮಿಸ್." ಹೇಳಲಿಲ್ಲ. ಹೊಡೆಯಬಾರದು ಎಂದೂ ಹೇಳಲಿಲ್ಲ. ಹಾಗೆಂದು ಅವನಿಗೆ ಹೇಳಿದೆ.

ಕ್ಷಮೆ ಕೇಳಲು ವುಯಿಸಿಲೆಯನ್ನು ಕೊಫಿಂವಾಬಾಗೆ ಕಳುಹಿಸಿದ್ದೆ. ನನ್ನ ಕಾರಿನಲ್ಲೇ. ಬೀಗದ ಕೈಯನ್ನು ನಾನಾಗಿಯೇ ಕೊಟ್ಟೆ. ಇಂದು ಬಂದ, ಮೈತುಂಬ ಧೂಳು.

"ಚಹಾ ಕೊಟ್ರು ಅಕ್ಕ. ನೆಂಟರಿಗೆ ಕೊಡೋ ಮಾಂಸ ಕೊಡ್ಲಿಲ್ಲ. ಎಲ್ಲ ಹೇಳಿದೆ. 'ಕೇಳಿಸ್ಕೊಂಡ್ವಿ' ಅಂದ್ರು. ಅಷ್ಟೇ."

"ಬರುತ್ತಾರೆಯೆ?"

"ತಿಂಗಳ ಕೊನೇ ಶನಿವಾರ ಬರ್ತಾರಂತೆ. ಯಾಕೆ ಅಂತ ಹೇಳ್ಲಿಲ್ಲ."

"ಅಂದರೆ?"

"ಹೆಣ್ಣು ಕೇಳೋಕೆ ಬಂದೋರು ಗೇಟಿಂದಾಚೆ ನಿಂತು ನಮ್ ಕುಲದ ಹೆಸರು ಹಿಡಿದು ಕೂಗ್ತಾರೆ. ನಾವು ಕರೆಯೋವರೆಗೂ ಒಂದ್ ಹೆಜ್ಜೆ ಇಡಲ್ಲ. ನ್ಯಾಯ ಕೇಳೋಕೆ ಬಂದೋರು ಕೇಳ್ದೆ ಒಳಕ್ಕೆ ಬರ್ತಾರೆ. ಅವತ್ತೇ ಗೊತ್ತಾಗೋದು."

'ಕೇಳಿಸಿಕೊಂಡೆವು.' ಆ ಮಾತನ್ನು ಎಷ್ಟು ತಿರುವಿ ನೋಡಿದರೂ ಅದರ ಹೊಟ್ಟೆಯಲ್ಲಿ ಏನಿದೆಯೋ ತಿಳಿಯದು. ಮಾಂಸವನ್ನೇಕೆ ಕೊಡಲಿಲ್ಲ? ಇಷ್ಟು ದಿನ ಏಕೆ ಬೇಕು? ಮೂವತ್ತು ಮಕ್ಕಳ ಮುಖ ನೋಡಿ ಸುಳ್ಳನ್ನು ಹೆಕ್ಕುತ್ತಿದ್ದವಳು ನಾನು.

ನನ್ನನ್ನು ಕೇಳಲು ಆ ಗೇಟಿಗೆ ಯಾರೂ ಬಂದವರಿಲ್ಲ. ಅವಳನ್ನು ಕೇಳಲು ಬರಬೇಕು.

ಮಾರ್ಚ್ 29, ಶನಿವಾರ

ಶುಂಠಿಯ ಪಾನೀಯ ಬಕೆಟಿನಲ್ಲಿ ಸಿದ್ಧವಿದೆ. ಮುಂದಿನ ಕೋಣೆಯಲ್ಲಿ ವುಯಿಸಿಲೆ, ನಮ್ಮ ಕುಲದ ಇಬ್ಬರು ಹಿರಿಯರು, ಮೊಣಕಾಲ ಮೇಲೆ ಹ್ಯಾಟು. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಮಲಗುವ ಕೋಣೆಯ ಕಿಟಕಿಯ ಬಳಿ ಕುಳಿತು ಬರೆಯುತ್ತಿದ್ದೇನೆ. ಕೈಗೆ ಬೇರೆ ಕೆಲಸ ಸಿಗಲಿಲ್ಲ. ಖುಸೆಲ್ವ ಪರದೆಯ ಹಿಂದೆ ನಿಂತಿದ್ದಾಳೆ. ಐದು ವಾರಗಳಲ್ಲಿ ಮೊದಲ ಬಾರಿಗೆ ಇಷ್ಟು ಹತ್ತಿರ.

ಅಂಗಳ ತೆರವಾಗಲೆಂದು ಕಾರನ್ನು ಬೀದಿಯಲ್ಲಿ ನಿಲ್ಲಿಸಿದ್ದೇನೆ. ಕಾವಲಿಲ್ಲದೆ.

ಮುಂದಿನ ಕೋಣೆಯಿಂದ ವುಯಿಸಿಲೆಯ ಪಿಸುದನಿ: "ಗೇಟ್ ಯಾರು ತೆರೆದಿಟ್ಟಿದ್ದು?"

ನಾನು. ಕಾರು ಹೊರಗೆ ತಂದ ಮೇಲೆ ಗೇಟು ಹಾಕಲು ಮರೆತೆ. ಹಾರುಹೊಡೆದಿದೆ, ಪೂರ್ತಿ. ಈಗ ಎದ್ದುಹೋಗುವಂತಿಲ್ಲ, ಬಿಳಿ ವ್ಯಾನೊಂದು ಬಂದು ನಿಂತಿದೆ.

ನಾಲ್ವರು. ಕಪ್ಪು ಕೋಟು, ಊರುಗೋಲು. ಯಾರೂ ನಗುತ್ತಿಲ್ಲ. ಮುಂದಿನವನು, ಎಲ್ಲರಿಗಿಂತ ಹಿರಿಯ, ನನ್ನ ಕಾರಿನ ಸುತ್ತ ಒಂದು ಸುತ್ತು ಬಂದ. ಹಿಂದಿನ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದ. ಕಲೆಯನ್ನೇ ನೋಡುತ್ತಿದ್ದಾನೆ. ಬಹಳ ಹೊತ್ತು—

ತಿರುಗಿದ. ಗೇಟಿನತ್ತ ಬರುತ್ತಿದ್ದಾನೆ. ಉಳಿದವರು ಹಿಂದೆ. ನೇರವಾಗಿ. ಖುಸೆಲ್ವ ನನ್ನ ಭುಜ ಹಿಡಿದಿದ್ದಾಳೆ, ಉಗುರು ನೆಟ್ಟಿದೆ, ಅಕ್ಷರ ಸೊಟ್ಟಗಾಗುತ್ತಿದೆ.

ಗೇಟಿನ ಮೇಲೆ ಕೈ ಇಟ್ಟ.

ಎಳೆಯುತ್ತಿದ್ದಾನೆ. ಒಳಕ್ಕಲ್ಲ. ತನ್ನ ಕಡೆಗೆ. ತೆರೆದ ಗೇಟನ್ನು ಹೊರಗಿನಿಂದ ಮುಚ್ಚುತ್ತಿದ್ದಾನೆ. ಚಿಲಕ ಬಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಹ್ಯಾಟು ತೆಗೆದ. ಗಂಟಲು ಸರಿಪಡಿಸಿಕೊಂಡು, ನಮ್ಮ ಕುಲದ—