ದುರುಗೇಶ ತಾನೇ ಬರೆದದ್ದು

ಕಮಲಾಪುರ
೮ ಫೆಬ್ರವರಿ ೨೦೨೬

ಪ್ರೀತಿಯ ಸ್ಫೂರ್ತಿ,

ಹೇಗಿದ್ದೀಯೆ? ಸಂಡೂರಿನ ಕಾಲೇಜು ಬಿಟ್ಟ ಮೇಲೆ ಮೈಸೂರಿನ ಹೊಸ ಮನೆಗೆ ಒಗ್ಗಿಕೊಂಡೆಯಾ? ನಿನ್ನ ಪತ್ರ ಬಂದು ತಿಂಗಳು ದಾಟಿತು. ಉತ್ತರ ಬರೆಯದೆ ಸುಮ್ಮನಿದ್ದೆನೆಂದು ಬೇಸರ ಮಾಡಿಕೊಳ್ಳಬೇಡ. ಹೋದ ವಾರ ಕಂಪ್ಲಿಗೆ ಹೋದಾಗ ನಿಮ್ಮ ಮನೆಗೂ ಹೋಗಿದ್ದೆ. ನಿಮ್ಮಮ್ಮ ನೀಲಗಂಗಮ್ಮನವರ ಮಂಡಿನೋವು ಈಗ ಕಡಿಮೆ. ಊಟ ಮಾಡಿಸದೆ ಕಳಿಸಲಿಲ್ಲ. ಮಗಳು ಫೋನು ಜಲ್ದಿ ಇಟ್ಟುಬಿಡುತ್ತಾಳೆಂದು ನಿನ್ನ ಮೇಲೆ ದೂರನ್ನೂ ಹೇಳಿದರು.

ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ: ಎಂ.ಎ. ವಿದ್ಯಾರ್ಥಿಗಳ ಪಕ್ಕ ಕೂತು ಅವರ ಬರವಣಿಗೆಯನ್ನು ಅವರಿಂದಲೇ ತಿದ್ದಿಸುವುದು. ಈ ವರ್ಷ ಬಂದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಎಐ ಬರೆದುಕೊಟ್ಟವು. ಹುಡುಕಿದರೂ ಒಂದು ಕಾಗುಣಿತ ತಪ್ಪಿಲ್ಲ, ಒಬ್ಬ ಮನುಷ್ಯನೂ ಇಲ್ಲ. ಕಂಡುಹಿಡಿಯಲು ಒಂದು ಸಾಫ್ಟ್‌ವೇರ್ ತರಿಸಿದ್ದರು. ಅದು ನಾನೇ ಬರೆದ ಲೇಖನವನ್ನು ಯಂತ್ರದ್ದು ಎಂದಿತು. ಅದನ್ನು ಬಿಟ್ಟು ಈಗ ವಿದ್ಯಾರ್ಥಿಗಳನ್ನೇ ಕೇಳುತ್ತೇನೆ: ಎಐಯನ್ನು ಏನು ಕೇಳಿದೆ, ಅದು ಏನು ಕೊಟ್ಟಿತು, ಇದರಲ್ಲಿ ನಿನ್ನದು ಯಾವುದು? ಬೈಯುವುದಿಲ್ಲವೆಂದು ಗೊತ್ತಾದರೆ ಹೇಳುತ್ತಾರೆ.

ಯಶವಂತನಗರದ ದುರುಗೇಶ ಮಾತ್ರ ಹೇಳಲಿಲ್ಲ. ಅವನ ತಾಯಿ ತಿಪ್ಪಕ್ಕ ಮೊದಲು ಗುಡ್ಡದಲ್ಲಿ ಕೈಯಿಂದ ಅದಿರು ಆರಿಸುತ್ತಿದ್ದವಳು. ಗಣಿಯಲ್ಲಿ ದುಡಿದ ಹೆಂಗಸರ ಬಗ್ಗೆ ಅವನು ಕೊಟ್ಟ ಪ್ರಬಂಧದಲ್ಲಿ ‘ಮಹಿಳಾ ಕಾರ್ಮಿಕರು ಬಹುಮುಖಿ ಸವಾಲುಗಳನ್ನು ಎದುರಿಸಿದರು’ ಎಂದಿತ್ತು. ತಿಪ್ಪಕ್ಕನ ಹೆಸರು ಎಲ್ಲೂ ಇರಲಿಲ್ಲ. ವಿಭಾಗದ ಮುಖ್ಯಸ್ಥ ರಾಯಣ್ಣ ಸರ್ ಸೊನ್ನೆ ಹಾಕಿಬಿಡೋಣ ಎಂದರು. ಸ್ವಲ್ಪ ಸಮಯ ಕೊಡಿ ಎಂದು ಕೇಳಿಕೊಂಡೆ.

ಪ್ರಬಂಧವನ್ನು ಪಕ್ಕಕ್ಕಿಟ್ಟು, ಅವ್ವನ ಬಗ್ಗೆ ಹೇಳು ಎಂದೆ. ಅವನು ಹೇಳಿದ:

“ಅವ್ವ ಸಂಜಿಕ ಬಂದು ತಲಿ ತೊಳಕಂಡ್ರ ಬಚ್ಚಲದಾಗ ನೀರು ಕೆಂಪಗ ಹರೀತಿತ್ರಿ. ಅದು ಅದಿರಿನ ಧೂಳು ಅಂತ ನಮಗ ಗೊತ್ತಿದ್ದಿಲ್ಲ. ರಕ್ತ ಅಂತ ನಾನು, ನನ್ ತಂಗಿ ಅಳತಿದ್ವಿ.”

ಇದನ್ನೇ ಬರೆಯಬಹುದಿತ್ತಲ್ಲ ಎಂದೆ.

“ಬರದ್ರ ನಗತಾರ್ರಿ ಮೇಡಂ. ಮಷಿನ್ ನಗಂಗಿಲ್ಲ.”

ಸಂಡೂರಿನಲ್ಲಿ ಪದವಿ ಓದುವಾಗ ಅಧ್ಯಾಪಕರೊಬ್ಬರು ಅವನು ಬರೆದದ್ದನ್ನು ಅವನ ಧಾಟಿಯಲ್ಲೇ ಗಟ್ಟಿಯಾಗಿ ಓದಿದರಂತೆ. ತರಗತಿಯೆಲ್ಲ ನಕ್ಕಿತಂತೆ. ಆಮೇಲೆ ಅವನು ತನ್ನ ಸ್ವಂತ ವಾಕ್ಯವನ್ನು ಯಾರಿಗೂ ತೋರಿಸಿಲ್ಲ. ಕಳ್ಳತನಕ್ಕಾದರೆ ಶಿಕ್ಷೆ ಇದೆ, ಸ್ಫೂರ್ತಿ. ನಾಚಿಕೆಗೆ ಏನು ಕೊಡುವುದು?

ನನ್ನ ಕೋಣೆಯಲ್ಲೇ ಕೂತು ಮತ್ತೆ ಬರೆದ. ಕೊನೆಗೆ ಕಾಗುಣಿತ ನೋಡಲಷ್ಟೇ ಎಐ ಬಳಸು ಎಂದೆ. ಅದು ‘ಅವ್ವ’ನನ್ನು ‘ತಾಯಿಯವರು’ ಮಾಡಿತು. ಅವನು ಒಂದೊಂದನ್ನೇ ತಿರುಗಿ ‘ಅವ್ವ’ ಮಾಡುತ್ತಾ ಹೋದ. ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ರಾಯಣ್ಣ ಸರ್ ಓದಿ, ಮೊದಲ ಸಲದ ತಪ್ಪಿಗೆಂದು ಅಂಕ ಕಡಿಮೆ ಮಾಡಿ, ಪಾಸು ಮಾಡಿದರು. ನಾನು ವಾದ ಮಾಡಲಿಲ್ಲ. ಆ ತಪ್ಪೂ ನಿಜವೇ.

ಊರಿಗೆ ಹೋದವನು ತಿಪ್ಪಕ್ಕನಿಗೆ ಓದಿ ಹೇಳಿದನಂತೆ. ಅವಳು ಕೇಳಿಸಿಕೊಂಡು, ಒಲೆಯ ಮುಂದೆ ಹೋಗಿ ಕೂತಳಂತೆ. ರೊಟ್ಟಿ ತಟ್ಟುತ್ತಾ, ತಾನು ತಲೆ ತೊಳೆಯುತ್ತಿದ್ದದ್ದು ಬಚ್ಚಲಲ್ಲಿ ಅಲ್ಲ, ಹಿತ್ತಲಲ್ಲಿ ಎಂದಳಂತೆ. ಅದೊಂದು ಪದ ತಿದ್ದಬೇಕೆಂದು ಅವನು ಊರಿಂದ ಬಸ್ಸು ಹಿಡಿದು ನನ್ನ ಹತ್ತಿರ ಬಂದಿದ್ದ.

ಮಗಳು ಪೂಜಿತಾಳಿಗೆ ಈ ಚಿಕ್ಕಮ್ಮನ ಆಶೀರ್ವಾದ ಹೇಳು. ಅವಳು ಚೆನ್ನಾಗಿ ಓದಲಿ, ಹೊಟ್ಟೆ ತುಂಬ ನಗಲಿ. ನೀವೆಲ್ಲ ತಣ್ಣಗಿರಿ.

ನಿನ್ನ
ರಮಾ

ತಾ.ಕ.: ಸಂಡೂರಿನ ಆ ಅಧ್ಯಾಪಕರು ಯಾರೆಂದು ಕೇಳಿದ್ದೆ. “ಬ್ಯಾಡ ಬಿಡ್ರಿ ಮೇಡಂ, ಅವರು ನಿಮಗ ಭಾಳ ಬೇಕಾದೋರು” ಎಂದ. ಒತ್ತಾಯ ಮಾಡಿದ ಮೇಲೆ ನಿನ್ನ ಹೆಸರು ಹೇಳಿದ. ಕೆಟ್ಟ ಮನಸ್ಸಿನಿಂದ ಮಾಡಿದವಳಲ್ಲ ನೀನು, ಬಲ್ಲೆ. ನಾವು ಹಾಸ್ಟೆಲಿನಲ್ಲಿದ್ದಾಗ ನೀನು ನನ್ನ ಮಾತನ್ನೂ ಹಾಗೇ ಆಡಿ ತೋರಿಸುತ್ತಿದ್ದೆ. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಆಮೇಲೆ ನಾನು ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡತೊಡಗಿದೆ, ನನ್ನ ಅವ್ವನ ಜೊತೆಗೂ. ಅವಳು ತೀರಿಹೋಗುವ ಮುಂಚಿನ ದಿನಗಳಲ್ಲಿ ನನ್ನನ್ನು, ಮನೆಗೆ ಬಂದ ಹೊರಗಿನವರನ್ನು ಕೇಳುವ ಹಾಗೆ, “ಉಂಡ್ರೇನ್ರಿ?” ಎಂದು ಕೇಳುತ್ತಿದ್ದಳು.